ಕಟ್ಟೆ ಕಟ್ಟಿದ ಎಂ.ವಿ. ಎಲ್ಲರಿಗೂ ಗೊತ್ತು, ಚರಂಡಿ ಕಟ್ಟಿದ ಎಂ.ವಿ. ಗೊತ್ತೇ?

ಚಿಕ್ಕಬಳ್ಳಾಪುರ: ಸೆಪ್ಟೆಂಬರ್ 15 ಬಂತು ಅಂದ್ರೆ ಮುದ್ದೇನಹಳ್ಳಿ ರಸ್ತೆಯಲ್ಲಿ ಕಾರುಗಳ ಸಾಲು. ಸಮಾಧಿಗೆ ಹಾರ, ಪಕ್ಕದ ಹಳೇ ಮನೆಯ ಮ್ಯೂಸಿಯಂಗೆ ಒಂದು ಸುತ್ತು, ಎಂಜಿನಿಯರುಗಳ ದಿನದ ಭಾಷಣ, ಫೋಟೊ. ಭಾಷಣದಲ್ಲಿ ಕನ್ನಂಬಾಡಿ ಬರುತ್ತೆ, ಭದ್ರಾವತಿ ಬರುತ್ತೆ, ಮೈಸೂರು ಬ್ಯಾಂಕು, ಸ್ಯಾಂಡಲ್ ಸೋಪು ಬರುತ್ತೆ. ಬೀದಿ ದೀಪದ ಕಥೆ, ರೈಲಿನ ಕಥೆಯೂ ತಪ್ಪದೆ ಬರುತ್ತವೆ. ಆದರೆ ಈ ಮನುಷ್ಯ ತನ್ನ ನೌಕರಿಯ ಬಹುಪಾಲು ವರ್ಷ ಊರುಗಳ ಕುಡಿಯುವ ನೀರು, ಕೊಳಚೆ ನೀರು, ನೆರೆ ನೀರು ಇವುಗಳ ಹಿಂದೆಯೇ ಓಡಾಡಿದ್ದರು ಅನ್ನೋದನ್ನು ಯಾರೂ ಹೇಳಲ್ಲ. ಚರಂಡಿ ವಿಷಯ ವೇದಿಕೆಗೆ ಶೋಭೆ ಅಲ್ಲವಲ್ಲ!

ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದು ಮನೆಗೆ ನೀರು ನುಗ್ಗೋದು, ಮ್ಯಾನ್‌ಹೋಲ್ ಉಕ್ಕಿ ರಸ್ತೆ ತುಂಬೋದು ನಮ್ಮ ಊರುಗಳಿಗೆ ಹೊಸದಲ್ಲ. ಮೇಲಾಗಿ ಈಗ ನಮ್ಮ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರೇ ಬರ್ತಾ ಇದೆ. ಹಾಗಾಗಿ ಈ ಸಲ ಚರಂಡಿಯ ವಿಶ್ವೇಶ್ವರಯ್ಯನವರ ಕಥೆಯನ್ನೇ ಹೇಳೋಣ ಅನ್ನಿಸಿತು.

ಹುಟ್ಟಿದ್ದು 1861ರಲ್ಲಿ, ನಂದಿ ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಮನೆತನ ಮೂಲದಲ್ಲಿ ಈಗಿನ ಆಂಧ್ರದ ಮೋಕ್ಷಗುಂಡಂ ಊರಿನದು, ಹೆಸರಿನ ಮುಂದಿನ ಮೋಕ್ಷಗುಂಡಂ ಅಲ್ಲಿಂದ ಬಂದದ್ದು. ಮೊದಲ ಓದು ಚಿಕ್ಕಬಳ್ಳಾಪುರದಲ್ಲೇ. ಎಳೆಯ ವಯಸ್ಸಲ್ಲಿ ತಂದೆ ತೀರಿಕೊಂಡರು. ಬೆಂಗಳೂರಲ್ಲಿ ಸೋದರಮಾವನ ಆಸರೆ, ಮನೆಪಾಠ ಹೇಳಿಕೊಂಡು ಓದು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಹಿಡಿದು ಪುಣೆಯ ಸೈನ್ಸ್ ಕಾಲೇಜು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ, ನಾಸಿಕದಲ್ಲಿ.

ಇಲ್ಲಿಂದ ಮುಂದಿನ 25 ವರ್ಷ ಅವರು ಬಾಂಬೆ ಪ್ರಾಂತ್ಯದ ನೌಕರ. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರಗಳೂ ಆ ಪ್ರಾಂತ್ಯದಲ್ಲೇ ಇದ್ದವು. ಈಗಿನ ಪಾಕಿಸ್ತಾನದ ಸಿಂಧ್ ಕೂಡ ಅದರಲ್ಲೇ ಸೇರಿತ್ತು.

ಸಿಂಧ್‌ಗೆ ಅವರನ್ನು ಕಳಿಸಿದ್ದು ಸುಕ್ಕೂರು ಅನ್ನೋ ಊರಿಗೆ ನೀರು ಕೊಡಿಸೋಕೆ. ಊರಿನ ಪಕ್ಕದಲ್ಲೇ ಸಿಂಧೂ ನದಿ. ನೀರಿಗೇನೂ ಬರ ಇಲ್ಲ, ಆದರೆ ನೀರೆಲ್ಲ ಕೆಸರು. ಅದನ್ನು ಸೋಸೋಕೆ ಮರಳಿನ ಫಿಲ್ಟರ್ ತೊಟ್ಟಿ ಕಟ್ಟಬೇಕು, ಮುನಿಸಿಪಾಲಿಟಿ ಹತ್ತಿರ ಅಷ್ಟು ದುಡ್ಡಿಲ್ಲ. ವಿಶ್ವೇಶ್ವರಯ್ಯ ಮಾಡಿದ್ದು ಇಷ್ಟೇ: ನದಿಯ ಪಾತ್ರದಲ್ಲೇ ಬಾವಿ ಇಳಿಸಿದರು. ನದಿಯ ಮರಳೇ ನೀರನ್ನು ಸೋಸಿ ಬಾವಿಗೆ ಬಿಡ್ತು. ಆ ಬಾವಿಯಿಂದ ದಡದ ಪಂಪ್‌ಹೌಸಿಗೆ ಸುರಂಗ, ಅಲ್ಲಿಂದ ಗುಡ್ಡದ ಮೇಲಿನ ತೊಟ್ಟಿಗೆ ನೀರು. 1895ರ ಹೊತ್ತಿಗೆ ಊರಿಗೆ ತಿಳಿನೀರು ಬಂತು.

ಪಿನಾಕಿನಿಯ ಮರಳಲ್ಲಿ ಒರತೆ ತೋಡಿ ನೀರು ಕುಡಿದ ನಮ್ಮ ಹಿರಿಯರಿಗೆ ಇದೇನೂ ಪವಾಡ ಅನ್ನಿಸ್ತಿರಲಿಲ್ಲ. ಮರಳು ನೀರನ್ನು ಸೋಸುತ್ತೆ ಅಂತ ಈ ಸೀಮೆಯ ದನ ಕಾಯುವ ಹುಡುಗನಿಗೂ ಗೊತ್ತಿತ್ತು. ಮುದ್ದೇನಹಳ್ಳಿ ಹುಡುಗನ ತಲೆಗೆ ಅದು ಎಲ್ಲಿಂದ ಹೊಳೆಯಿತೋ, ಅವರೇನೂ ಹೇಳಿಕೊಂಡಿಲ್ಲ. ಈಗ ಮರಳು ತೆಗೆದೂ ತೆಗೆದೂ ಆ ಒರತೆಗಳೇ ಇಲ್ಲ, ಅದು ಬೇರೆ ಮಾತು.

ಪುಣೆಯಲ್ಲಿದ್ದಾಗಿನ ಅವರ ಕೆಲಸ ಸ್ವಲ್ಪ ಹೆಚ್ಚು ಪ್ರಸಿದ್ಧ. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿ ಮೇಲೆ ಹರಿದು ಹೋಗ್ತಿತ್ತು. ಅದನ್ನು ಹಿಡಿಯೋಣ ಅಂತ ಕೋಡಿ ಎತ್ತರಿಸಿದರೆ ದೊಡ್ಡ ನೆರೆ ಬಂದಾಗ ಕಟ್ಟೆಗೇ ಅಪಾಯ. ಬಿಟ್ಟರೆ ನೀರು ಪೋಲು. ಇದಕ್ಕೆ ಅವರು ಕಂಡುಹಿಡಿದದ್ದು ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲು. ಬಾಗಿಲಿಗೆ ಸರಪಳಿಯಲ್ಲಿ ಎದುರು ತೂಕ. ನೀರು ಗುರುತು ದಾಟಿದ ಕೂಡಲೇ ಒಂದಿಷ್ಟು ನೀರು ಆ ತೂಕ ಇರುವ ತೊಟ್ಟಿಗೆ ಹರಿದು ಸಮತೋಲ ತಪ್ಪುತ್ತೆ, ಬಾಗಿಲು ತೆರೆದುಕೊಳ್ಳುತ್ತೆ. ಮಟ್ಟ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತೆ. ಕರೆಂಟು ಬೇಡ, ಮೋಟಾರು ಬೇಡ. ರಾತ್ರಿ ಎರಡು ಗಂಟೆಗೆ ನೆರೆ ಬಂದಾಗ ಬಾಗಿಲು ಎತ್ತೋ ನೌಕರ ನಿದ್ದೆಯಲ್ಲಿದ್ದರೂ ಕಟ್ಟೆ ಉಳಿಯುತ್ತೆ. 1903ರಲ್ಲಿ ಅವನ್ನು ಕೂರಿಸಿದರು, ನೀರಿನ ಮಟ್ಟ ಸುಮಾರು 8 ಅಡಿ ಏರಿಸೋಕೆ ಆಯಿತು. ಮುಂದೆ ಕನ್ನಂಬಾಡಿಗೂ ಇದೇ ಬಗೆಯ ಬಾಗಿಲು ಬಂತು.

ಇದೇ ವರ್ಷಗಳಲ್ಲಿ ಅವರಿಗೆ ಬಾಂಬೆ ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಹುದ್ದೆಯೂ ಸಿಕ್ಕಿತು. ಪಟ್ಟಣಗಳ ನೀರು ಮತ್ತು ಒಳಚರಂಡಿ ಯೋಜನೆ ಮಾಡೋದು ಕೆಲಸ. ಆ ಕಾಲ ಎಂಥದ್ದು ಅಂತ ನೆನಪಿಸಿಕೊಳ್ಳಿ. 1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು, ಮರುವರ್ಷ ಪುಣೆ, 1898ರಲ್ಲಿ ಬೆಂಗಳೂರು. ಕಾಲರಾ ಅಂತೂ ವರ್ಷ ವರ್ಷದ ನೆಂಟ. ಊರಿನ ಕೊಳಚೆಗೂ ಊರಿನ ಸಾವಿಗೂ ಇರುವ ನಂಟು ಸರ್ಕಾರಕ್ಕೆ ಆಗ ತಾನೇ ಅರಿವಾಗ್ತಿತ್ತು.

1906ರಲ್ಲಿ ಏಡನ್‌ಗೆ ಹೋಗಿ ಬನ್ನಿ ಅಂತ ಆದೇಶ ಬಂತು. ಈಗಿನ ಯೆಮೆನ್ ದೇಶದ ಏಡನ್ ಬಂದರು ಆಗ ಬಾಂಬೆ ಸರ್ಕಾರದ ಕೈಯಲ್ಲೇ ಇತ್ತು. ಸತ್ತ ಜ್ವಾಲಾಮುಖಿಯ ಬಾಯೊಳಗೆ ಕೂತ ಊರು, ಮಳೆ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲೂ ಅವರು ಕೊಳಚೆಗೆ ಭೂಗತ ಕೊಳವೆಯ ಯೋಜನೆ ಹಾಕಿದರು. ನೀರಿಗೆ ಊರಿನ ಸುತ್ತ ಹುಡುಕದೆ ಉತ್ತರದ ಲಾಹೇಜ್ ಕಡೆ ಹೋದರು. ಅಲ್ಲಿನ ಒಣ ನದಿಪಾತ್ರದ ಮರಳಿನಡಿ ನೀರಿದೆ, ಬಾವಿ ತೋಡಿ ಪಂಪ್ ಮಾಡಿ ಅಂತ ವರದಿ ಕೊಟ್ಟರು. ಮತ್ತೆ ಒರತೆ! ಅದೇ ವರ್ಷ ಕೈಸರ್-ಇ-ಹಿಂದ್ ಪದಕ ಬಂತು.

ಇಷ್ಟೆಲ್ಲ ಆದರೂ ಚೀಫ್ ಎಂಜಿನಿಯರ್ ಕುರ್ಚಿ ಭಾರತೀಯನಿಗೆ ಸಿಗೋ ಕಾಲ ಅದಾಗಿರಲಿಲ್ಲ. ಅನೇಕ ಹಿರಿಯರನ್ನು ದಾಟಿ ಬಡ್ತಿ ಸಿಕ್ಕಿತ್ತು ನಿಜ, ಅದರ ಮೇಲೆ ದಾರಿ ಮುಚ್ಚಿತ್ತು. 1908ರಲ್ಲಿ ಕೆಲಸ ಬಿಟ್ಟು ಯುರೋಪ್, ಅಮೆರಿಕ ನೋಡೋಕೆ ಹೊರಟರು. ನೋಡೋಕೆ ಅಂದ್ರೆ ಪ್ರವಾಸಿಯಂತೆ ಅಲ್ಲ, ಅಲ್ಲಿನ ಕಟ್ಟೆ, ನೀರು ಸರಬರಾಜು, ಒಳಚರಂಡಿ ಇವನ್ನೇ ನೋಡೋದು. ಇಟಲಿಯಲ್ಲಿದ್ದಾಗ ಹೈದರಾಬಾದ್ ನಿಜಾಮರ ಸರ್ಕಾರದಿಂದ ತಂತಿ ಬಂತು.

ಮೂಸಿ ಉಕ್ಕಿದ ದಿನ

1908ರ ಸೆಪ್ಟೆಂಬರ್ 28. ಹೈದರಾಬಾದಿನವರು ಈಗಲೂ ಮರೆಯದ ತಾರೀಕು. ಊರ ನಡುವೆ ಹರಿಯುವ ಮೂಸಿ ಬೇಸಿಗೆಯಲ್ಲಿ ಹಳ್ಳದಂತಿರುವ ನದಿ. ಅವತ್ತು ಅದು ದಡ ಮೀರಿ ಊರೊಳಗೆ ನುಗ್ಗಿತು. ಮೂರು ಸೇತುವೆ ಮುಳುಗಿ ಮುರಿದವು, ಹಳೇ ಪುರಾನಾ ಪುಲ್ ಮಾತ್ರ ನಿಂತಿತು. ಸುಮಾರು 15,000 ಜನ ಸತ್ತರು, 19,000 ಮನೆ ಕುಸಿದವು ಅಂತ ಅಂದಾಜು. ಅಫ್ಜಲ್‌ಗಂಜ್ ಆಸ್ಪತ್ರೆ ತೋಟದ ಒಂದು ಹುಣಸೆ ಮರ ಹತ್ತಿ ಕೂತು 150ರಷ್ಟು ಜನ ಬದುಕಿಕೊಂಡರು. ಆ ಮರ ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಇದೆ, ನೋಡಿದವರು ನಮ್ಮಲ್ಲೂ ಇರಬಹುದು. ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಸಂತ್ರಸ್ತರಿಗೆ ಅರಮನೆಗಳ ಬಾಗಿಲು ತೆಗೆಸಿದರು.

ಆಮೇಲೆ ಪ್ರಶ್ನೆ ಎದ್ದಿತು, ಇನ್ನೊಮ್ಮೆ ಹೀಗಾಗದಂತೆ ಏನು ಮಾಡೋದು? ಊರು ಮತ್ತೆ ಕಟ್ಟೋದು ಹೇಗೆ, ಅದಕ್ಕೆ ಒಳಚರಂಡಿ ಹಾಕೋದು ಹೇಗೆ? ಅದಕ್ಕೆ ಬಂದ ತಂತಿ ಅದು.

ವಿಶ್ವೇಶ್ವರಯ್ಯ ಓಡಿ ಬರಲಿಲ್ಲ. ಹಮ್ಮಿಕೊಂಡ ಪ್ರವಾಸ ಮುಗಿಸಿಕೊಂಡೇ ಬರ್ತೀನಿ ಅಂತ ತಿಳಿಸಿದರು. ನಿಜಾಮರ ಸರ್ಕಾರವೂ ಕಾಯಿತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದಿಳಿದರು.

ಬಂದವರು ಮೊದಲು ಹುಡುಕಿದ್ದು ಮಳೆಯ ಲೆಕ್ಕ. ನೆರೆ ಬಂದ ಜಾಗ ನೋಡೋದು ಸುಲಭ, ಅದು ಎಲ್ಲಿಂದ ಬಂತು ಅಂತ ನೋಡೋದು ಕಷ್ಟ. ಊರಿನ ಮೇಲ್ಭಾಗದಲ್ಲಿ ಮೂಸಿಗೆ ನೀರು ಹರಿಸುವ ಪ್ರದೇಶ 862 ಚದರ ಮೈಲಿ. ಅಷ್ಟು ದೊಡ್ಡ ಸೀಮೆಗೆ ಮಳೆ ಅಳೆಯುವ ಮಾಪಕಗಳು ಬೆರಳೆಣಿಕೆ. ಶಂಷಾಬಾದಿನ ಮಾಪಕದಲ್ಲಿ 24 ಗಂಟೆಗೆ 12.8 ಇಂಚು, 48 ಗಂಟೆಗೆ 18.9 ಇಂಚು ಮಳೆ ದಾಖಲಾಗಿತ್ತು. ಇಂಥ ಮಳೆ ಈ ಕಡೆ ಬರೋದೇ ಇಲ್ಲ, ಇದು ದೈವಶಾಪ ಅಂತ ಕೈಚೆಲ್ಲೋದಾ? ಅವರು ದೇಶದ ಬೇರೆ ಕಡೆಯ ದೊಡ್ಡ ಮಳೆಗಳ ದಾಖಲೆ ತೆಗೆಸಿ ಹೋಲಿಸಿದರು. ಒಮ್ಮೆ ಬಂದ ಮಳೆ ಮತ್ತೂ ಬರಬಹುದು, ಇನ್ನೂ ಜೋರಾಗಿಯೂ ಬರಬಹುದು ಅನ್ನೋ ತೀರ್ಮಾನಕ್ಕೆ ಬಂದರು. ಅವತ್ತು ನದಿಯಲ್ಲಿ ಹರಿದದ್ದು ಸೆಕೆಂಡಿಗೆ 4,25,000 ಘನ ಅಡಿ ಅಂತ ಲೆಕ್ಕ ಹಾಕಿದರು.

ಈಗ ನಮ್ಮವರು ಕಿವಿ ನಿಮಿರಿಸಬೇಕಾದ ಭಾಗ. ಆ 862 ಚದರ ಮೈಲಿಯಲ್ಲಿ 788 ಕೆರೆಗಳಿದ್ದವು. ಹೆಚ್ಚೂಕಡಿಮೆ ಚದರ ಮೈಲಿಗೊಂದು ಕೆರೆ. ನಮ್ಮ ಸೀಮೆಯ ಹಾಗೇ ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಸರಣಿ ಕೆರೆಗಳು. ಅವುಗಳಲ್ಲಿ 221 ಕೆರೆ ಆ ಮಳೆಗೆ ಒಡೆದವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಟ್ಟಿಗೆ ಕೆಳಗಿನದರ ಮೇಲೆ, ಅದೂ ಒಡೆದರೆ ಎರಡರ ನೀರೂ ಮೂರನೆಯದರ ಮೇಲೆ. ಮಳೆ ನೀರಿನ ಜೊತೆಗೆ ವರ್ಷಗಟ್ಟಲೆ ಊರು ಕಾದ ಕೆರೆಗಳ ನೀರೂ ಸೇರಿ ಹೈದರಾಬಾದಿನ ಮೇಲೆ ಬಿತ್ತು. ಕೆರೆ ನೆರೆಯನ್ನು ತಡೆಯುತ್ತೆ ಅನ್ನೋದು ಸರಿ, ಆದರೆ ಏರಿ ಗಟ್ಟಿ ಇದ್ದು ಕೋಡಿ ತೆರವಿದ್ದರೆ ಮಾತ್ರ. ಇಲ್ಲದಿದ್ದರೆ ಅದೇ ಕೆರೆ ನೆರೆಯನ್ನು ದೊಡ್ಡದು ಮಾಡುತ್ತೆ.

1909ರ ಅಕ್ಟೋಬರಿಗೆ ವರದಿ ಸಿದ್ಧವಾಯಿತು. ಊರೊಳಗೆ ಗೋಡೆ ಎಬ್ಬಿಸಿ ನೆರೆ ತಡೀತೀನಿ ಅಂತ ಅವರು ಹೊರಡಲಿಲ್ಲ. ನೆರೆಯನ್ನು ಊರು ಮುಟ್ಟುವ ಮುಂಚೆಯೇ ಹಿಡಿಯಬೇಕು ಅಂದರು. ಊರಿನ ಮೇಲೆ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಎರಡು ಜಲಾಶಯ. ನೆರೆ ಬಂದಾಗ ಅದು ಅಲ್ಲಿ ನಿಲ್ಲಬೇಕು, ಊರೊಳಗಿನ ನದಿ ತಾಳುವಷ್ಟೇ ನೀರು ಕೆಳಗೆ ಬರಬೇಕು. ಜೊತೆಗೆ ಊರೊಳಗೆ ನದಿಯ ದಡ ಎತ್ತರಿಸಿ, ಎರಡೂ ಕಡೆ ರಸ್ತೆ, ಉದ್ಯಾನ.

ಮೂಸಿಯ ಜಲಾಶಯ ಉಸ್ಮಾನ್ ಸಾಗರ, ಹೈದರಾಬಾದಿನವರ ಗಂಡಿಪೇಟ್, 1920ರಲ್ಲಿ ಮುಗಿಯಿತು. ಈಸಿಯ ಹಿಮಾಯತ್ ಸಾಗರ 1927ರಲ್ಲಿ. ಕಟ್ಟಿದವರು ನಿಜಾಮರ ಎಂಜಿನಿಯರುಗಳು, ಯೋಚನೆ ಇವರದು. ಅಂದರೆ ನೆರೆ ಬಂದು 19 ವರ್ಷಕ್ಕೆ ಕೆಲಸ ಪೂರ್ತಿ ಆಯಿತು. ಆ ಎರಡು ಕೆರೆಗಳೇ ಮುಂದೆ ದಶಕಗಟ್ಟಲೆ ಹೈದರಾಬಾದಿಗೆ ಕುಡಿಯುವ ನೀರು ಕೊಟ್ಟವು. ಇಲ್ಲೊಂದು ತೊಡಕಿದೆ. ನೆರೆ ಹಿಡಿಯಬೇಕಾದರೆ ಕೆರೆಯಲ್ಲಿ ಜಾಗ ಖಾಲಿ ಇರಬೇಕು, ಕುಡಿಯೋಕೆ ಬೇಕಾದರೆ ಕೆರೆ ತುಂಬಿರಬೇಕು. ಎರಡನ್ನೂ ಒಂದೇ ಕೆರೆಯಿಂದ ಕೇಳಿದರೆ ಮಳೆಗಾಲದಲ್ಲಿ ಬಾಗಿಲ ಬಳಿ ಕೂತವನಿಗೆ ನಿದ್ದೆ ಬರಲ್ಲ.

ಕೊಳಚೆಗೆ ಬೇರೆ ದಾರಿ, ಮಳೆಗೆ ಬೇರೆ ದಾರಿ

ಜನ ಮರೆತ ಅರ್ಧ ಇದು. ಹೈದರಾಬಾದಿನಲ್ಲಿ ಅವರಿಗೆ ವಹಿಸಿದ ಕೆಲಸದಲ್ಲಿ ಒಳಚರಂಡಿಯೂ ಸೇರಿತ್ತು. ಆಗ ಊರಿನ ಕೊಳಚೆಯೆಲ್ಲ ಬೀದಿ ಬದಿಯ ಮೋರಿಗಳಲ್ಲಿ ಹರಿದು ಮೂಸಿಗೆ ಸೇರ್ತಿತ್ತು. ಅವರು ಹಾಕಿದ ಯೋಜನೆ: ಮನೆಯ ಕೊಳಚೆಗೆ ನೆಲದಡಿ ಕೊಳವೆ, ಮಳೆ ನೀರಿಗೆ ಬೇರೆ ಕಾಲುವೆ. ನದಿಯ ಎರಡೂ ದಡದುದ್ದ ದೊಡ್ಡ ಕೊಳವೆ ಹಾಕಿ, ನದಿಗೆ ಬೀಳುವ ಮುಂಚೆ ಕೊಳಚೆಯನ್ನು ಹಿಡಿದು, ಊರಾಚೆಯ ಹೊಲಗಳಿಗೆ ಒಯ್ಯೋದು.

ಎರಡು ದಾರಿ ಯಾಕೆ ಅಂತ ಕೇಳಿದರೆ ಉತ್ತರ ಸರಳ. ಮನೆಯ ಕೊಳಚೆ ದಿನವೂ ಹೆಚ್ಚುಕಮ್ಮಿ ಒಂದೇ ಅಳತೆ. ಮಳೆ ಹಾಗಲ್ಲ, ಒಂದು ಗಂಟೆಯಲ್ಲಿ ಅದರ ಎಷ್ಟೋ ಪಟ್ಟು ನೀರು ಸುರಿಸುತ್ತೆ. ಮಳೆಗೆ ತಕ್ಕ ದೊಡ್ಡ ಕೊಳವೆ ಹಾಕಿದರೆ ಬೇಸಿಗೆಯಲ್ಲಿ ಕೊಳಚೆ ಅದರ ತಳದಲ್ಲಿ ತೆಳ್ಳಗೆ ತೆವಳಿ ಹೂಳು ಕಟ್ಟುತ್ತೆ. ಕೊಳಚೆಗೆ ತಕ್ಕ ಸಣ್ಣ ಕೊಳವೆಗೆ ಮಳೆ ನೀರು ಬಿಟ್ಟರೆ ಮುಚ್ಚಳ ಎಗರಿ ರಸ್ತೆಗೆ ಬರುತ್ತೆ. ತಾರಸಿ ನೀರಿನ ಪೈಪನ್ನು ಯುಜಿಡಿ ಚೇಂಬರಿಗೆ ಸೇರಿಸಿ ಕೈ ತೊಳೆದುಕೊಂಡವರು, ಮೊದಲ ಮಳೆಗೇ ಅದು ಎದುರು ಮನೆಯ ಬಾಗಿಲಲ್ಲಿ ಉಕ್ಕೋದನ್ನು ನೋಡಿರ್ತಾರೆ. ಇನ್ನೊಂದು ಕಡೆ, ಯುಜಿಡಿ ಇಲ್ಲದ ಬಡಾವಣೆಯ ಕೊಳಚೆಯೆಲ್ಲ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. 1909ರಲ್ಲಿ ಮಾಡಬೇಡಿ ಅಂದದ್ದನ್ನೇ ಎರಡೂ ಬಗೆಯಲ್ಲಿ ಮಾಡ್ತಾ ಇದ್ದೀವಿ.

ಹೈದರಾಬಾದಿನಲ್ಲೂ ಕಟ್ಟೆಗೆ ಸಿಕ್ಕ ಉತ್ಸಾಹ ಚರಂಡಿಗೆ ಸಿಗಲಿಲ್ಲ. ಕೆಲಸ ಶುರುವಾಗಿ ನಿಂತು ಶುರುವಾಗಿ ಸಾಗಿತು. 1920ರ ದಶಕದಲ್ಲಿ, ದಿವಾನಗಿರಿ ಮುಗಿಸಿ ಎಷ್ಟೋ ವರ್ಷದ ಮೇಲೆ, ಸಲಹೆ ಕೊಡೋಕೆ ಅವರೇ ಮತ್ತೆ ಅಲ್ಲಿಗೆ ಹೋಗಬೇಕಾಯಿತು. ಕಟ್ಟೆ ಕಣ್ಣಿಗೆ ಕಾಣುತ್ತೆ, ಹೆಸರು ಕೆತ್ತಬಹುದು. ನೆಲದಡಿಯ ಕೊಳವೆ ಮೇಲೆ ಯಾರ ಹೆಸರು ಕೆತ್ತೋದು?

1909ರ ನವೆಂಬರಿನಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರಾಗಿ ಬಂದರು, 1912ರಲ್ಲಿ ದಿವಾನರಾದರು, 1918ರಲ್ಲಿ ಹುದ್ದೆ ಬಿಟ್ಟರು. ಈ ಒಂಬತ್ತು ವರ್ಷದ ಕಥೆ ಪಠ್ಯಪುಸ್ತಕದಲ್ಲಿದೆ, ಇಲ್ಲಿ ಬೇಡ. ಹಿಂದುಳಿದವರ ಮೀಸಲಾತಿಯನ್ನು ಒಪ್ಪದೆ ದಿವಾನಗಿರಿ ಬಿಟ್ಟದ್ದೂ ಆ ಕಥೆಯ ಭಾಗವೇ. ಲೆಕ್ಕದಲ್ಲಿ ಅಷ್ಟು ದೂರ ಕಂಡವರಿಗೆ ಅದು ಯಾಕೆ ಕಾಣಲಿಲ್ಲವೋ ಅಂತ ಕೇಳುವವರು ಈಗಲೂ ಇದ್ದಾರೆ, ಕೇಳೋದು ತಪ್ಪಲ್ಲ.

ನೆರೆಯ ಕೆಲಸ ಮಾತ್ರ ವಯಸ್ಸಾದರೂ ಬಿಡಲಿಲ್ಲ. 1937ರಲ್ಲಿ ಒಡಿಶಾದಲ್ಲಿ ಮಹಾನದಿ ಉಕ್ಕಿದಾಗ ಗಾಂಧೀಜಿಯ ಕೋರಿಕೆ ಮೇರೆಗೆ 76ನೇ ವಯಸ್ಸಿನಲ್ಲಿ ಅಲ್ಲಿಗೆ ಹೋದರು. ಅಲ್ಲೂ ಅದೇ ದಾರಿ: ಮೊದಲು ಅಳತೆ ಮಾಡಿ, ಮಳೆ ಮತ್ತು ನದಿ ಮಟ್ಟದ ದಾಖಲೆ ಇಡಿ, ದಡಕ್ಕೆ ಮಣ್ಣು ಹಾಕಿ ಕೂರದೆ ಮೇಲ್ಭಾಗದಲ್ಲಿ ನೀರು ಹಿಡಿಯೋದನ್ನು ಯೋಚಿಸಿ. ಆ ಯೋಚನೆ ಬೆಳೆದು ಹಿರಾಕುಡ್ ಅಣೆಕಟ್ಟಾಯಿತು, 1957ರಲ್ಲಿ ನೆಹರು ಉದ್ಘಾಟಿಸಿದರು. ಅದಕ್ಕೆ ಎರಡು ವರ್ಷ ಮುಂಚೆ ಇವರಿಗೆ ಭಾರತ ರತ್ನ ಬಂದಿತ್ತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಗೆ ವಾಪಸ್ ಬಂದರು.

ನಂದಿ ನೀರು ಹೋಯ್ತು, ಬೆಂಗಳೂರಿನ ನೀರು ಬಂತು

ಅವರ ಇನ್ನೊಂದು ಕೆಲಸ ನಮ್ಮ ಜಿಲ್ಲೆಗೆ ನೇರ ತಾಗುತ್ತೆ. ಬೆಂಗಳೂರಿಗೆ ನೀರು ಸಾಲದೆ ಬಂದಾಗ ಹೊಸ ಮೂಲ ಹುಡುಕಿದ ಸಮಿತಿಯ ಮುಂದಾಳು ಅವರೇ. ಅದರಂತೆ 1933ರಲ್ಲಿ ಆದದ್ದು ತಿಪ್ಪಗೊಂಡನಹಳ್ಳಿಯ ಚಾಮರಾಜ ಸಾಗರ. ಅದಕ್ಕೆ ನೀರು ತರುವ ಅರ್ಕಾವತಿ ಹುಟ್ಟೋದು ನಂದಿ ಬೆಟ್ಟದಲ್ಲಿ. ಅಂದರೆ ಅವರ ಹುಟ್ಟೂರಿನ ಬೆಟ್ಟದ ನೀರನ್ನೇ ಬೆಂಗಳೂರು ದಶಕಗಳ ಕಾಲ ಕುಡಿಯಿತು. ನಂತರ ಅರ್ಕಾವತಿ ಒಣಗಿತು, ಉಳಿದ ಹರಿವಿಗೆ ಕೊಳಚೆ ಸೇರಿತು, ಆ ಕೆರೆಯ ನೀರು ಕುಡಿಯೋಕೆ ಬಾರದಂತಾಯಿತು.

ಈಗ ನೀರು ಹಿಮ್ಮುಖ ಹರೀತಿದೆ. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ದಿನಕ್ಕೆ 210 ದಶಲಕ್ಷ ಲೀಟರ್ ಲೆಕ್ಕದಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಮತ್ತು ನಮ್ಮ ಜಿಲ್ಲೆಯ 65 ಕೆರೆಗಳಿಗೆ ತುಂಬಿಸುವ ಗುರಿ. ನಮ್ಮ ಕಂದವಾರ ಕೆರೆ ಈ ನೀರು ಮೊದಲು ಕಂಡ ಕೆರೆಗಳಲ್ಲಿ ಒಂದು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು ಅಂತ ಖುಷಿಪಟ್ಟ ರೈತರಿದ್ದಾರೆ. ಮೂರನೇ ಹಂತದ ಸಂಸ್ಕರಣೆ ಆಗದೆ ಈ ನೀರು ಬೇಡ ಅಂತ ಹೋರಾಡ್ತಾ ಇರುವವರೂ ಇದ್ದಾರೆ. ಎರಡೂ ನಮ್ಮವರೇ.

ಇದರ ಜೊತೆಗೆ 1908ರ ಲೆಕ್ಕವನ್ನು ಇಟ್ಟು ನೋಡಬೇಕು ಅನ್ನಿಸುತ್ತೆ. ಮೊದಲು ನಮ್ಮ ಕೆರೆಗಳು ಬೇಸಿಗೆಗೆ ಒಣಗಿ ಮುಂಗಾರಿಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಕಾಯ್ತಿದ್ದವು. ಈಗ ವರ್ಷಪೂರ್ತಿ ಪೈಪಿನ ನೀರಿಂದ ತುಂಬಿರುವ ಕೆರೆಗೆ ನವೆಂಬರಿನ ಸೈಕ್ಲೋನ್ ಮಳೆ ಬಂದರೆ ಅದು ಹಿಡಿಯೋದು ಎಲ್ಲಿ? 2021ರ ನವೆಂಬರಿನ ಮಳೆ ಯಾರಿಗೂ ಮರೆತಿಲ್ಲ. ಕೋಡಿ ಕಾಲುವೆ ಮೇಲೆ ಸೈಟು ಬಿದ್ದಿದ್ದರೆ, ಏರಿ ಮೇಲೆ ಜಾಲಿ ಬೆಳೆದು ಬೇರು ಬಿಟ್ಟಿದ್ದರೆ, ಕೆಳಗಿನ ಕೆರೆಯ ಕಥೆ ಏನು? ಯಾವ ಕೆರೆ ಕೋಡಿ ಬಿದ್ದರೆ ನೀರು ಯಾವ ಬೀದಿಗೆ ಬರುತ್ತೆ ಅನ್ನೋ ನಕ್ಷೆ ಪ್ರತಿ ಪಂಚಾಯಿತಿಯ ಗೋಡೆ ಮೇಲೆ ಇರಬೇಕಾದ್ದು. ಮುಂದಿನ ಸೆಪ್ಟೆಂಬರ್ 15ಕ್ಕೆ ಮುದ್ದೇನಹಳ್ಳಿಗೆ ಹಾರ ಹಿಡಿದು ಹೋಗುವವರು ದಾರಿಯಲ್ಲಿ ಕಂದವಾರ ಕೆರೆಯ ಕೋಡಿ ಹತ್ತಿರ ಐದು ನಿಮಿಷ ಗಾಡಿ ನಿಲ್ಲಿಸಿ, ಕೆಳಗಿನ ಕಾಲುವೆ ಎಲ್ಲಿಯವರೆಗೆ ಕಾಣುತ್ತೆ ನೋಡಿ ಬನ್ನಿ.